ಫೋನಿಗೆ ಕುಂಕುಮ ಇಟ್ಟ ವರ್ಷ

ನನ್ನ ಗಂಡನಿಗೆ ಲೋಕದಲ್ಲಿರುವುದೆಲ್ಲ ಮೆಷೀನು. ಅಡುಗೆಮನೆಯ ಮಿಕ್ಸಿಯಿಂದ ಹಿಡಿದು ನನ್ನ ಕೋಪದವರೆಗೆ ಎಲ್ಲಕ್ಕೂ ಎಲ್ಲೋ ಒಂದು ಸ್ಕ್ರೂ ಇರುತ್ತದೆ, ಅದನ್ನು ಹುಡುಕಿ ಕಾಲು ಸುತ್ತು ತಿರುಗಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದವರು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಡೈ ಫಿಟ್ಟರ್. ತಗಡು ಒತ್ತುವ ಅಚ್ಚುಗಳನ್ನು ಕೈಯಲ್ಲೇ ಉಜ್ಜಿ, ಕೂಡಿಸಿ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಿಸುವ ಕೆಲಸ. ನಾನು ಅಲ್ಲಿಂದ ಸ್ವಲ್ಪ ದೂರದಲ್ಲಿ ಗಿಯರ್ ಮಾಡುವ ಇನ್ನೊಂದು ಯೂನಿಟ್ಟಿನಲ್ಲಿದ್ದೇನೆ. ತಯಾರಾಗಿ ಬಂದ ಮಾಲನ್ನು ಅಳೆದು, ಸರಿಯಿದ್ದದ್ದನ್ನು ಈ ಕಡೆ, ಕೆಟ್ಟದ್ದನ್ನು ಆ ಕಡೆ ಹಾಕುತ್ತೇನೆ. ಇಬ್ಬರ ಬಟ್ಟೆಗೂ ಕಟಿಂಗ್ ಆಯಿಲ್ಲಿನ ಒಂದೇ ವಾಸನೆ. ಎಷ್ಟು ಒಗೆದರೂ ಹೋಗುವುದಿಲ್ಲ, ಒಗೆಯುವುದನ್ನೇನೂ ನಾನು ಬಿಟ್ಟಿಲ್ಲ.

ನಮ್ಮ ಕಡೆ ಯಾವ ಕೆಲಸದ ಮಾತು ಬಂದರೂ ಮೊದಲು ಕೇಳುವುದು ಶಿಫ್ಟಿಗೆ ಎಷ್ಟು ಪೀಸು ಎಂದು. ಮೆಷೀನಿಗೆ ಟಾರ್ಗೆಟ್ ಇರುತ್ತದೆ. ಮಧ್ಯಾಹ್ನ ಕರೆಂಟು ಹೋಗಿ ಲೆಕ್ಕ ಕಮ್ಮಿಯಾದರೆ ಸಂಜೆ ಓವರ್‌ಟೈಮ್ ಮಾಡಿ ತುಂಬಿಸಬೇಕು. ರಜೆ ಬರುವುದಿದ್ದರೆ ಹಿಂದಿನ ದಿನವೇ ಎರಡರಷ್ಟು ಓಡಿಸಿ ಮುಗಿಸಬೇಕು. ಪೀಣ್ಯದಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಇಲ್ಲಿಯ ಗಾಳಿ ಕುಡಿದವರಿಗೆ ತಾನಾಗಿ ಬರುತ್ತದೆ.

ಹೋದ ವರ್ಷದ ವಿಜಯದಶಮಿಯಂದು ಇವರು ಫೋನಿನಲ್ಲಿ ಶೇರಿನ ಅಕೌಂಟು ತೆರೆದರು. ಚೀಟಿ ಎತ್ತಿದ ಮೂರು ಲಕ್ಷ ಇತ್ತು, ಅದನ್ನೇ ಹಾಕಿದರು. ಹಾಕಿದ ಮರುದಿನವೇ ಫೋನಿಗೂ ಒಂದು ಟಾರ್ಗೆಟ್ ಕಟ್ಟಿದರು. ದಿನಕ್ಕೆ ಒಂದು ಪರ್ಸೆಂಟ್.

“ಒಂದೇ ಒಂದು ಪರ್ಸೆಂಟ್ ಕಣೇ. ಜಾಸ್ತಿ ಆಸೆ ನನಗಿಲ್ಲ” ಎಂದರು. ಹೇಳಿದ ಧಾಟಿ ನೋಡಿದರೆ ಸನ್ಯಾಸ ತೆಗೆದುಕೊಂಡವರ ಹಾಗಿತ್ತು.

ಅಂದಿನಿಂದ ಮನೆಯ ಹವಾಮಾನ ಆ ಒಂದು ಪರ್ಸೆಂಟಿನ ಮೇಲೆ ನಿಂತಿತು. ಬಂದ ದಿನ ಕೆಲಸದಿಂದ ಬರುವಾಗ ಬಜ್ಜಿ ಪೊಟ್ಟಣ ಬರುತ್ತಿತ್ತು. ಬಾರದ ದಿನ ಮುಖ ಊದಿಕೊಂಡಿರುತ್ತಿತ್ತು. ಅಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಇವತ್ತು ಬಾರದ್ದನ್ನು ನಾಳೆ ಸೇರಿಸಿ ತರಬೇಕು ಎಂದು ಮರುದಿನ ಹೆಚ್ಚು ದುಡ್ಡು ಹಾಕುತ್ತಿದ್ದರು, ಓವರ್‌ಟೈಮ್ ಮಾಡುವವರ ಹಾಗೆ. ಹತ್ತು ದಿನ ಕೂಡಿಸಿದ್ದು ಒಂದೇ ಮಧ್ಯಾಹ್ನ ಹೋಗುತ್ತಿತ್ತು. ಮತ್ತೆ ಕೂಡಿಸುತ್ತಿದ್ದರು. ಊಟದ ಬಿಡುವಿನಲ್ಲಿ, ಟಾಯ್ಲೆಟ್ಟಿನಲ್ಲಿ, ಮೆಟ್ರೋ ಮೆಟ್ಟಿಲ ಮೇಲೆ, ಎಲ್ಲಿ ನೋಡಿದರೂ ಕೈಯಲ್ಲಿ ಫೋನು. ನನ್ನ ತಂಗಿಯ ಮಗಳ ನಾಮಕರಣದಲ್ಲಿ ಮಗುವನ್ನು ಒಂದು ತೋಳಿನಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಶೇರು ಮಾರಿದ ಮಹಾನುಭಾವರು ಇವರು.

ಈ ವರ್ಷ ದಸರಾ ಹತ್ತಿರ ಬರುವ ಹೊತ್ತಿಗೆ ಅವರ ಮೂರು ಲಕ್ಷ ಮೂರೂವರೆ ದಾಟಿತ್ತು. ನೂರಕ್ಕೆ ಇಪ್ಪತ್ತರ ಹತ್ತಿರ. ಅಲ್ಲಿಗೆ ಅವರ ತಲೆ ನಿಲ್ಲಲಿಲ್ಲ. ಒಂದು ಭಾನುವಾರ ಇಡ್ಲಿ ತಿನ್ನುತ್ತಾ, “ವಿಜಯದಶಮಿ ಆದ್ಮೇಲೆ ಕೆಲ್ಸ ಬಿಡ್ತೀನಿ. ಪೂರ್ತಿ ಇದನ್ನೇ ಮಾಡ್ತೀನಿ” ಎಂದರು.

ಹದಿನೆಂಟನೇ ವಯಸ್ಸಿಗೆ ಅರ ಹಿಡಿದ ಕೈ ಅದು. ಆ ಕೈ ಉಜ್ಜಿದ ಅಚ್ಚಿನಿಂದ ಬಂದ ತಗಡು ಎಷ್ಟು ಕಾರು ಬೈಕುಗಳ ಹೊಟ್ಟೆಯಲ್ಲಿದೆಯೋ ಲೆಕ್ಕವಿಲ್ಲ. ಅದನ್ನು ಬಿಟ್ಟು ಫೋನಿನ ಗಾಜು ಒರೆಸುತ್ತಾ ಕೂರುತ್ತಾರಂತೆ.

“ವರ್ಷಕ್ಕೆ ಎಷ್ಟು ಬರತ್ತೆ, ಹೇಳಿ” ಎಂದೆ.

“ದಿನಕ್ಕೆ ಒಂದು ಪರ್ಸೆಂಟ್...”

“ದಿನದ್ದು ಬೇಡ. ವರ್ಷದ್ದು ಹೇಳಿ. ಮನೆ ಬಾಡಿಗೆ, ನಿಮ್ಮಮ್ಮನ ಮಾತ್ರೆ ಎಲ್ಲಾ ನಾನು ವರ್ಷದ ಲೆಕ್ಕದಲ್ಲೇ ನೋಡೋದು.”

ಇಡ್ಲಿ ಕೈಯಲ್ಲೇ ಕ್ಯಾಲ್ಕುಲೇಟರ್ ಒತ್ತಿದರು. ಮಾರ್ಕೆಟ್ ತೆರೆದಿರುವ ಇನ್ನೂರೈವತ್ತು ದಿನವೂ ದಿನಕ್ಕೆ ಒಂದು, ಅದರ ಮೇಲೆ ಮತ್ತೊಂದು ಎಂದು ಏರಿಸುತ್ತಾ ಹೋದರೆ ಮೂರು ಲಕ್ಷ ಮೊದಲ ವರ್ಷಕ್ಕೇ ಮೂವತ್ತಾರು ಲಕ್ಷ. ಎರಡನೇ ವರ್ಷ ನಾಲ್ಕು ಕೋಟಿಯ ಮೇಲೆ. ಮೂರನೇ ವರ್ಷ ಐವತ್ತು ಕೋಟಿ ದಾಟಿತು. ಅಂಕಿ ನೋಡಿ ಅವರೇ ಬೆಪ್ಪಾದರು. ನಾನು ಅವರ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿ, “ಸರಿ, ನಾಲ್ಕನೇ ವರ್ಷ ಪೀಣ್ಯಾನೇ ಕೊಂಡ್ಕೊಳ್ಳೋಣ. ಮೆಟ್ರೋ ಸಮೇತ” ಎಂದೆ. ಅವರು ನಗಲಿಲ್ಲ. ಮೂರು ಲಕ್ಷ ಈ ವರ್ಷ ಮೂವತ್ತಾರು ಆಗಿಲ್ಲವಲ್ಲ, ಯಾಕೆ ಎಂದು ಕೇಳಿದ್ದಕ್ಕೆ, “ಡ್ಯೂಟಿ ಮಧ್ಯೆ ಮಾಡಿದ್ರೆ ಅಷ್ಟೇ ಬರೋದು. ಫುಲ್ ಟೈಮ್ ಕೂತ್ರೆ ಬರತ್ತೆ” ಎಂದರು. ಸ್ಕ್ರೂ ಸಿಕ್ಕಿತ್ತು ಅವರಿಗೆ. ತಿರುಗಿಸುವುದೊಂದೇ ಬಾಕಿ.

ಆಯುಧ ಪೂಜೆಯ ಹಿಂದಿನ ದಿನ ನಮ್ಮ ಯೂನಿಟ್ಟಿನಲ್ಲಿ ಪೂಜೆ. ಎಲ್ಲ ಕಡೆ ಹಾಗೆಯೇ, ಕೆಲಸಗಾರರು ಹಬ್ಬಕ್ಕೆ ಊರಿಗೆ ಹೋಗಬೇಕಲ್ಲ. ಬೆಳಗ್ಗೆಯಿಂದ ಮೆಷೀನುಗಳನ್ನು ಡೀಸೆಲ್ ಹಚ್ಚಿ ಒರೆಸಿ, ವಿಭೂತಿ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದ್ದೆವು. ಕಡ್ಲೆಪುರಿ, ಸ್ವೀಟ್ ಬಾಕ್ಸ್ ಹಂಚಿದ ಮೇಲೆ ನಮ್ಮ ಯೂನಿಟ್ಟಿನ ಯಜಮಾನರು ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದರು. ಶೇರಿನಲ್ಲಿ ಅವರ ಕೈ ಹಳೆಯದು ಎಂದು ಎಲ್ಲರಿಗೂ ಗೊತ್ತು. ನಾನು ಹತ್ತಿರ ಹೋಗಿ ಕೇಳಿಯೇಬಿಟ್ಟೆ.

“ಸಾರ್, ಶೇರಲ್ಲಿ ನಿಮಗೆ ವರ್ಷಕ್ಕೆ ಎಷ್ಟು ಬರತ್ತೆ?”

ಅವರು ನನ್ನ ಮುಖ ನೋಡಿದರು. “ಏನಮ್ಮಾ, ಈ ಪ್ರಶ್ನೆ ಕೇಳೋರೇ ಇಲ್ಲ. ಎಲ್ರೂ ಕೇಳೋದು ಯಾವ ಶೇರು ತಗೊಳ್ಳಲಿ ಅಂತ.” ಆಮೇಲೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಮೊದಲ ಎರಡು ವರ್ಷ ಏನೂ ಬರ್ಲಿಲ್ಲ, ಅಸಲಲ್ಲೇ ಕರಗ್ತು. ಆಮೇಲೆ ಒಂದು ವರ್ಷ ಮೂವತ್ತು ಬಂತು, ಇನ್ನೊಂದು ವರ್ಷ ಇಪ್ಪತ್ತು ಹೋಯ್ತು. ಇಪ್ಪತ್ತೈದು ವರ್ಷದ್ದು ಒಳ್ಳೇದು ಕೆಟ್ಟದ್ದು ಎಲ್ಲಾ ಸೇರ್ಸಿ ನೋಡಿದ್ರೆ ನೂರಕ್ಕೆ ಹನ್ನೆರಡು. ಅಷ್ಟೇ.”

“ಅಷ್ಟೇನಾ ಸಾರ್?” ಬಾಯಿ ತಪ್ಪಿ ಬಂತು. ಐವತ್ತು ಕೋಟಿ ಕೇಳಿ ಬಂದ ಕಿವಿಗೆ ಹನ್ನೆರಡು ಎಂಬುದು ಚಿಲ್ಲರೆ ಕೇಳಿದಂತಾಯಿತು.

ಅವರು ನಕ್ಕು, ಮೂಲೆಯಲ್ಲಿ ಹಾರ ಹಾಕಿಕೊಂಡು ನಿಂತಿದ್ದ, ಕಂಪ್ಯೂಟರಿನಿಂದ ಓಡುವ ದೊಡ್ಡ ಸಿಎನ್‌ಸಿ ಮೆಷೀನು ತೋರಿಸಿದರು. ನಮ್ಮ ಶೆಡ್ಡಿನಲ್ಲಿ ಅದೇ ರಾಜ. ಅದು ನಿಂತರೆ ಎಲ್ಲರ ಕೆಲಸವೂ ನಿಲ್ಲುತ್ತದೆ. “ನಮ್ಮಪ್ಪನ ಕಾಲದ ಒಂದು ಹಳೇ ಲೇತು ಇತ್ತು. ಸವೆದು ಹೋಗಿತ್ತು. ಅದನ್ನ ಮಾರಿ ಬಂದ ದುಡ್ಡನ್ನ ಹಾಕಿದ್ದು. ಮೇಲೆ ಒಂದು ಪೈಸೆ ಸೇರಿಸ್ಲಿಲ್ಲ, ಮಧ್ಯದಲ್ಲಿ ಒಂದು ಪೈಸೆ ತೆಗೀಲಿಲ್ಲ. ಎರಡು ವರ್ಷದ ಹಿಂದೆ ತೆಗೆದೆ. ಅದೇ ಇದು.”

ನಾನು ಆ ಮೆಷೀನನ್ನು ದಿನಾ ನೋಡುತ್ತೇನೆ. ಅದರಿಂದ ಬಂದ ಬಿಸಿ ಗಿಯರನ್ನು ದಿನಾ ಕೈಯಲ್ಲಿ ಹಿಡಿಯುತ್ತೇನೆ. ಆವತ್ತು ಅದರ ಮುಂದೆ ಬಾಯಿ ಬಿಟ್ಟುಕೊಂಡು ನಿಂತೆ. ಗುಜರಿಗೆ ಹೋಗಬೇಕಿದ್ದ ಒಂದು ಲೇತು, ಯಾರೂ ಮುಟ್ಟದೆ ಬಿಟ್ಟಿದ್ದಕ್ಕೆ, ಚಿಲ್ಲರೆ ಎಂದು ನಾನು ಮೂಗು ಮುರಿದ ಹನ್ನೆರಡನ್ನೇ ತಿಂದು ತಿಂದು ಇಷ್ಟು ದೊಡ್ಡದಾಗಿ ಬೆಳೆದು ಬಂದು ನಿಂತಿದೆ. ನಾನು ಎರಡನೇ ಸಲ ಅದಕ್ಕೆ ಕೈಮುಗಿದೆ. ಯಜಮಾನರು ನೋಡಿಯೂ ನೋಡದ ಹಾಗೆ ಕಡ್ಲೆಪುರಿ ತಿನ್ನುತ್ತಿದ್ದರು.

ಮನೆಗೆ ಬಂದು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಇವರಿಗೆ ಹೇಳಿದೆ. ಇವರು ಕೇಳಿದ್ದು ಹನ್ನೆರಡು ಎಂಬುದನ್ನು ಮಾತ್ರ. “ನಿಮ್ಮ ಯಜಮಾನ್ರಿಗೆ ವಯಸ್ಸಾಯ್ತು ಬಿಡು. ಅವರ ಕಾಲದಲ್ಲಿ ಫೋನ್ ಎಲ್ಲಿತ್ತು?” ಎಂದರು. ಆಮೇಲೆ ತಮ್ಮ ಸಾಹಸ ಹೇಳಿಕೊಂಡರು. ಹಬ್ಬಕ್ಕೆ ಎರಡು ದಿನ ಕೆಲಸ ನಿಲ್ಲುತ್ತದಲ್ಲ, ಅದರ ಟಾರ್ಗೆಟ್ಟನ್ನೂ ಮೊದಲೇ ಮುಗಿಸಬೇಕಲ್ಲ, ಹಾಗಾಗಿ ಅಂದು ಮಧ್ಯಾಹ್ನ ಇದ್ದಬದ್ದ ದುಡ್ಡನ್ನೆಲ್ಲ ಒಂದೇ ಶೇರಿಗೆ ಹಾಕಿದ್ದರು. ನಾಳೆ ಬೆಳಗ್ಗೆ ಒಂಬತ್ತೂ ಕಾಲಿಗೆ ಮಾರ್ಕೆಟ್ ತೆರೆಯುತ್ತಿದ್ದ ಹಾಗೆ ಮಾರುವುದು, ಆಮೇಲೆ ನೆಮ್ಮದಿಯಾಗಿ ಪೂಜೆ. ರಜೆಯ ಮುಂಚೆ ಡಬಲ್ ಶಿಫ್ಟ್! ನನಗೆ ಎಲ್ಲಿಲ್ಲದ ಕೋಪ ಬಂತು. ಹಬ್ಬ ಎಂದು ನುಂಗಿಕೊಂಡೆ.

ಬೆಳಗ್ಗೆ ಇವರು ಬೂದುಗುಂಬಳಕಾಯಿ, ಬಾಳೆಕಂದು ತರಲು ಹೊರಟರು. ಫೋನನ್ನು ಚಾರ್ಜಿಗೆ ಹಾಕಿ ಹೋದರು. ನಾನು ಒಳಗೆ ಒಬ್ಬಟ್ಟಿನ ಹೂರಣದಲ್ಲಿ ಮುಳುಗಿದ್ದೆ. ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ ಮಾಗಡಿ ಕಡೆಯ ಹಳ್ಳಿಯವರು. ಪ್ರತಿ ವರ್ಷ ಮಗನ ಸಾಮಾನನ್ನೆಲ್ಲ ಒರೆಸಿ ಪೂಜೆಗೆ ಜೋಡಿಸುವುದು ಅವರೇ. ಇವರು ತಿರುಗಿ ಬರುವ ಹೊತ್ತಿಗೆ ಮಣೆಯ ಮೇಲೆ ಎಲ್ಲ ಸಿದ್ಧವಾಗಿತ್ತು. ಅರಗಳು, ಅಳತೆಯ ವರ್ನಿಯರ್, ಸುತ್ತಿಗೆ, ಬೈಕಿನ ಕೀ. ಎಲ್ಲದರ ಮುಂದೆ, ನಡುಮಧ್ಯದಲ್ಲಿ, ಇವರ ಫೋನು. ಗಾಜಿಗೆ ಮೂರು ಬೆರಳಿನ ವಿಭೂತಿ, ನಡುವೆ ಕಾಸಗಲ ಕುಂಕುಮ, ಮೇಲೆ ಒಂದು ಚೆಂಡು ಹೂ. ಕಾಯಿ ಒಡೆದು ಮಂಗಳಾರತಿಯೂ ಆಗಿತ್ತು.

“ಬಾ ಮಗ, ಕರ್ಪೂರ ತಗಾ” ಎಂದರು ಅತ್ತೆ. “ಒಂದ್ ವರ್ಸದಿಂದ ನೀನು ದುಡಿಯಾದು ಇದ್ರಲ್ಲೇ ಅಲ್ವಾ? ಅದ್ಕೇ ಇದ್ನ ಮುಂದುಕ್ಕೆ ಮಡಗಿವ್ನಿ.”

ಕುಂಬಳಕಾಯಿ ಹಿಡಿದುಕೊಂಡೇ ಇವರು ಬಾಗಿಲಲ್ಲಿ ನಿಂತುಬಿಟ್ಟರು. ಗೋಡೆ ಗಡಿಯಾರದಲ್ಲಿ ಒಂಬತ್ತು ಆಗಲಿಕ್ಕೆ ಬಂದಿತ್ತು. ಪೂಜೆಯಾದ ಆಯುಧವನ್ನು ಮತ್ತೆ ಎತ್ತುವುದು ವಿಜಯದಶಮಿ ಕಳೆದ ಮೇಲೆಯೇ. ಇದು ಈ ಮನೆಯಲ್ಲಿ ಕಲ್ಲಿನ ಮೇಲೆ ಕೊರೆದಂಥ ಮಾತು. ಒಮ್ಮೆ ಪೂಜೆಯ ದಿನ ಗೋಡೆಗೆ ಮೊಳೆ ಹೊಡೆಯಲು ನಾನು ಸುತ್ತಿಗೆ ಎತ್ತಿದ್ದಕ್ಕೆ ಇವರು ಎರಡು ದಿನ ಮಾತು ಬಿಟ್ಟಿದ್ದರು.

ನಾನು ಅವರನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. “ರೀ, ತಗೊಳ್ಳಿ. ಮಾರಿ, ವಾಪಸ್ ಇಟ್ಬಿಡಿ. ಅತ್ತೆಗೆ ನಾನು ಹೇಳ್ತೀನಿ. ದೇವ್ರು ಏನೂ ಅನ್ಕೊಳ್ಳಲ್ಲ.”

“ಪೂಜೆ ಆದ ಟೂಲ್ ಮುಟ್ಟೋದುಂಟೇನೆ?”

“ಅದು ಫೋನು ಕಣ್ರೀ!”

ಅವರು ಕುಂಬಳಕಾಯಿಯನ್ನು ಕಟ್ಟೆಯ ಮೇಲಿಟ್ಟರು. ಆಮೇಲೆ ಬಹಳ ಮೆತ್ತಗೆ ಹೇಳಿದರು. “ಒಂದು ವರ್ಷದಿಂದ ಎಲ್ರಿಗೂ ಅದು ನನ್ನ ಮೆಷೀನು ಅಂತ ಹೇಳ್ಕೊಂಡು ಬಂದಿದೀನಿ. ಈಗ ಲಾಸ್ ಆಗತ್ತೆ ಅಂದ ತಕ್ಷಣ ಅದು ಬರೀ ಫೋನಾ?”

ಹೋಗಿ ಮಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

ಒಂಬತ್ತೂ ಕಾಲಾಯಿತು. ಗಾಜು ಬೆಳಗಿತು, ಫೋನು ಗುರ್ ಎಂದಿತು. ಆ ಶೇರು ಒಂದು ಮಟ್ಟಕ್ಕಿಂತ ಇಳಿದರೆ ಎಚ್ಚರಿಸಲಿ ಎಂದು ಅವರೇ ಇಟ್ಟುಕೊಂಡಿದ್ದ ಗುರುತು ಅದು. ಮತ್ತೆ ಗುರ್ ಎಂದಿತು. ಆ ಅದುರುವಿಕೆಗೆ ಮೇಲಿದ್ದ ಚೆಂಡು ಹೂ ಮೆಲ್ಲಗೆ ಸರಿದು ಸರಿದು ಬಲಗಡೆಗೆ ಬಿತ್ತು.

“ನೋಡ್ದಾ! ಬಲಗಡೆ ಹೂ ಕೊಡ್ತು” ಎಂದು ಅತ್ತೆ ಗಲ್ಲ ಗಲ್ಲ ಬಡಿದುಕೊಂಡರು. “ಒಳ್ಳೇದಾಯ್ತದೆ ಮಗ.”

ನಾನು ಅಡುಗೆಮನೆಯಲ್ಲಿ ನನ್ನ ಫೋನಿನಲ್ಲಿ ಆ ಶೇರಿನ ಬೆಲೆ ಹುಡುಕಿ ನೋಡಿದೆ. ಯಾವುದೋ ಕೆಟ್ಟ ಸುದ್ದಿ ಬಂದಿತ್ತಂತೆ. ಅಂಕಿ ಕೆಂಪಾಗಿ ಇಳಿಯುತ್ತಿತ್ತು. ನೋಡುತ್ತಿದ್ದ ಹಾಗೆ ಇನ್ನಷ್ಟು ಇಳಿಯಿತು. ಹೊರಗೆ ಬೀದಿಯಲ್ಲಿ ಆಟೋಗಳಿಗೆ ಬಾಳೆಕಂದು ಕಟ್ಟಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಯುತ್ತಿದ್ದರು. ಇಡೀ ಪೀಣ್ಯ ಬಾಗಿಲು ಹಾಕಿಕೊಂಡು ಕೈಮುಗಿದು ನಿಂತಿದ್ದಾಗ, ಮುಖವೇ ಗೊತ್ತಿಲ್ಲದ ಅದೆಷ್ಟೋ ಜನ ಎಲ್ಲೆಲ್ಲೋ ಕೂತು ಆ ಒಂದು ಅಂಕಿಯನ್ನು ಮೇಲೆ ಕೆಳಗೆ ತಳ್ಳುತ್ತಿದ್ದರು. ಒಬ್ಬರಿಗಾದರೂ ನಮ್ಮ ಮನೆಯ ಮಣೆ ಗೊತ್ತಿರಲಿಲ್ಲ. ಇಂಥ ಸಮುದ್ರಕ್ಕೆ ನನ್ನ ಗಂಡ ದಿನಕ್ಕಿಷ್ಟು ಎಂದು ಟಾರ್ಗೆಟ್ ಕೊಟ್ಟಿದ್ದರಲ್ಲಾ ಎನಿಸಿತು. ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ, ಕಡಲ ತೆರೆಯ ಮುಂದೆ ಮೊದಲ ಸಲ ನಿಂತ ಹುಡುಗಿಯ ಹಾಗೆ ಬೆರಗಾಯಿತು.

ಅದಕ್ಕಿಂತ ಬೆರಗು ಹಜಾರದಲ್ಲಿತ್ತು. ವರ್ಷವಿಡೀ ಆ ಫೋನನ್ನು ಗಳಿಗೆಯೂ ಬಿಟ್ಟಿರದ ಮನುಷ್ಯ ಅದರ ಮುಂದೆ ಮಂಡಿಯ ಮೇಲೆ ಎರಡೂ ಕೈ ಊರಿ ಕೂತಿದ್ದರು. ಫೋನು ಗುರ್ ಎಂದಾಗಲೆಲ್ಲ ಬೆರಳು ಅದುರುತ್ತಿತ್ತು. ಆದರೆ ಕೈ ಏಳಲಿಲ್ಲ. ಕೊನೆಗೆ ಎದ್ದು ಪಕ್ಕದ ಮನೆಯವರ ಆಟೋಗೆ ಹೂವು ಕಟ್ಟಲು ಹೋದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ಗಂಡನನ್ನು ನೋಡಿ ನಾನು ಮೂಗಿನ ಮೇಲೆ ಬೆರಳಿಟ್ಟದ್ದು ಅದೇ ಮೊದಲು. ಅವರಿಗೆ ಹೇಳಲಿಲ್ಲ, ತಲೆಯ ಮೇಲೆ ಕೂತಾರು ಎಂದು.

ವಿಜಯದಶಮಿಯಂದು ಮಾರ್ಕೆಟ್ಟಿಗೇ ರಜೆ. ಒಬ್ಬಟ್ಟು ತಿಂದೆವು. ಶೇರಿನ ಮಾತು ಯಾರೂ ಎತ್ತಲಿಲ್ಲ. ಕೆಲಸ ಬಿಡುವ ಮಾತನ್ನೂ ಅವರು ಎತ್ತಲಿಲ್ಲ, ನಾನೂ ಕೆದಕಲಿಲ್ಲ. ಕೆಲಸ ಬಿಡುವುದನ್ನು ಮರುದಿನ ತಮ್ಮ ಕಾರ್ಖಾನೆಯ ಯಜಮಾನರಿಗೆ ಹೇಳುತ್ತೇನೆ ಎಂದು ಗೊತ್ತುಮಾಡಿಕೊಂಡಿದ್ದರಲ್ಲ, ಅದೊಂದೇ ನನ್ನ ತಲೆ ಕೊರೆಯುತ್ತಿತ್ತು.

ಮರುದಿನ ಬೆಳಗ್ಗೆ ಅತ್ತೆ ಹೂ ತೆಗೆದು, ಫೋನನ್ನು ಕಣ್ಣಿಗೊತ್ತಿಕೊಂಡು ಮಗನ ಕೈಗೆ ಕೊಟ್ಟರು. ಕಾರ್ಖಾನೆಗೆ ತಡವಾಗಿ ಬರುತ್ತೇನೆಂದು ಹೇಳಿ ಕೂತ ಇವರು ಮಾರ್ಕೆಟ್ ತೆರೆದ ಕೂಡಲೇ ಮಾರಿದರು. ಬೆಲೆ ಇನ್ನೂ ಇಳಿದಿತ್ತು. ಮಾರಿದ ಮೇಲೆ ಬ್ರೋಕರೇಜು, ಟ್ಯಾಕ್ಸು ಎಲ್ಲ ಕಳೆದರು. ಹೋದ ದಸರಾದಿಂದ ಈ ದಸರಾದವರೆಗೆ ಸರಿಯಾಗಿ ಒಂದು ವರ್ಷವಾಗಿತ್ತು. ಅವರು ಮೊದಲ ಸಲ ತಾವಾಗಿ ವರ್ಷದ ಲೆಕ್ಕ ಹಾಕಿದರು.

“ನೂರಕ್ಕೆ ಆರು” ಎಂದರು. “ಬ್ಯಾಂಕಲ್ಲಿ ಹಾಕಿ ಮಲ್ಕೊಂಡಿದ್ರೂ ಇಷ್ಟು ಬರ್ತಿತ್ತು ಕಣೇ. ವರ್ಷ ಪೂರ್ತಿ ಒದ್ದಾಡಿ ಆರು.”

ಬೈಯಲು ನಾನು ವರ್ಷದಿಂದ ಕೂಡಿಟ್ಟುಕೊಂಡಿದ್ದ ಮಾತು ಬೇಕಾದಷ್ಟಿತ್ತು. ಆ ಹೊತ್ತಿಗೆ ಒಂದೂ ಬರಲಿಲ್ಲ. ನಮ್ಮ ಯಜಮಾನರಂಥವರಿಗೇ ಮೊದಲ ಎರಡು ವರ್ಷ ಅಸಲು ಕರಗಿತ್ತು. ಇವರು ಆ ಸಮುದ್ರದಲ್ಲಿ ಕಣ್ಣುಕಟ್ಟಿಕೊಂಡು ಬಿದ್ದು, ಡಬಲ್ ಶಿಫ್ಟೂ ಮಾಡಿ, ಅಸಲು ಕೈಯಲ್ಲಿ ಹಿಡಿದುಕೊಂಡು, ಮೇಲೆ ಆರು ರೂಪಾಯಿ ಸಮೇತ ದಡಕ್ಕೆ ಬಂದಿದ್ದರು. ನನಗೆ ನಿಜವಾಗಿಯೂ ಆಶ್ಚರ್ಯವಾಯಿತು. ಹಾಗೆಂದು ಹೇಳಿದೆ ಕೂಡ. ಅವರು ಸಮಾಧಾನಕ್ಕೆ ಹೇಳಿದೆನೆಂದುಕೊಂಡರು.

ಅಷ್ಟರಲ್ಲಿ ಅತ್ತೆ ಕಾಫಿ ಲೋಟ ಹಿಡಿದು ಬಂದರು. “ವರ್ಸೆಲ್ಲಾ ಇದ್ರಲ್ಲಿ ದುಡುದ್ಯಲ್ಲ ಮಗ, ಎಷ್ಟ್ ಬಂತು?”

ನಾನು ಕಣ್ಣಿನಲ್ಲೇ ಬೇಡ ಎಂದೆ. ಬಲಗಡೆ ಬಿದ್ದ ಹೂವನ್ನು ಆ ಮುದುಕಿ ಇನ್ನೂ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದರು. ಇವರು ಸುಳ್ಳು ಹೇಳಲಿಲ್ಲ.

“ನೂರಕ್ಕೆ ಆರು ರೂಪಾಯಿ, ಅವ್ವ.”

ಅತ್ತೆಯ ಕಣ್ಣು ಅಗಲವಾಯಿತು. “ಆರ್ ರೂಪಾಯಾ! ಬೀಜ ಆಕ್ದೆ, ನೀರ್ ಕಟ್ದೆ, ಸೊಂಟ ಬಗ್ಗುಸ್ದೆ? ಅಂಗೇ ಮಡಗಿದ್ ದುಡ್ಗೆ ಆರ್ ರೂಪಾಯಿ ಉಟ್ತದಾ?” ಲೋಟ ಕೆಳಗಿಟ್ಟು, ಮಗನ ಕೈಯಲ್ಲಿದ್ದ ಫೋನನ್ನು ಮುಟ್ಟಿ ಇನ್ನೊಮ್ಮೆ ಕಣ್ಣಿಗೊತ್ತಿಕೊಂಡರು. “ನಿಮ್ಮಪ್ಪ ಇದ್ದಿದ್ರೆ ನಂಬ್ತಾನೇ ಇರ್ಲಿಲ್ಲ ಕಣಪ್ಪಾ.”

ಇವರು ತಾಯಿಯ ಮುಖವನ್ನೇ ನೋಡುತ್ತಾ ಕೂತರು. ಮೂವತ್ತಾರು ಲಕ್ಷ, ಐವತ್ತು ಕೋಟಿ ಎಲ್ಲ ಆ ಮುಖದ ಮುಂದೆ ಎಲ್ಲಿ ಹೋಯಿತೋ. ಅವರ ಕಣ್ಣು ತುಂಬಿತ್ತು, ನಗುತ್ತಲೂ ಇದ್ದರು. ಅಂಗಿಯ ತೋಳಿನಿಂದ ಫೋನಿನ ಗಾಜಿನ ಮೇಲೆ ಉಳಿದಿದ್ದ ಕುಂಕುಮ ಒರೆಸಿದರು. ಮಣೆಯ ಮೇಲಿಂದ ವರ್ನಿಯರ್ ಎತ್ತಿಕೊಂಡು ಹಣೆಗೆ ಮುಟ್ಟಿಸಿ ಚೀಲಕ್ಕೆ ಹಾಕಿದರು. ಕೆಲಸ ಬಿಡುವುದನ್ನು ತಮ್ಮ ಯಜಮಾನರಿಗೆ ಹೇಳಲು ಹೊರಟರು ಎಂದುಕೊಂಡೆ.

“ಡಬ್ಬಿ ಎಲ್ಲೇ?” ಎಂದರು. “ಲೇಟಾಯ್ತು.”

ಕೆಲಸ ಬಿಡಲು ಹೋಗುವವರು ಯಾರೂ ಊಟದ ಡಬ್ಬಿ ಕೇಳುವುದಿಲ್ಲ. ನಾನು ಉಳಿದಿದ್ದ ಒಬ್ಬಟ್ಟನ್ನೂ ಹಾಕಿ ಡಬ್ಬಿ ಕಟ್ಟಿಕೊಟ್ಟೆ. ತುಂಬಿದ್ದು ಹೆಚ್ಚಾಗಿ ಮುಚ್ಚಳ ಕೂರಲೇ ಇಲ್ಲ. ಅವರೇ ಒತ್ತಿ ಕೂರಿಸಿಕೊಂಡರು.

ಚಪ್ಪಲಿ ಮೆಟ್ಟಿಕೊಳ್ಳುವಾಗ ತಿರುಗಿ ನೋಡಿ, “ಎಷ್ಟು ಬಂತು ಅಂತ ಮುಂದಿನ ಆಯುಧ ಪೂಜೆ ದಿನ ಕೇಳು, ಹೇಳ್ತೀನಿ. ಅಲ್ಲೀವರೆಗೂ ಕೇಳ್ಬೇಡ” ಎಂದರು.

ದುಡ್ಡು ಅಲ್ಲೇ, ಆ ಅಕೌಂಟಿನಲ್ಲೇ ಇದೆ. ಈಗ ಯಾವ ಶೇರಿನಲ್ಲಿದೆಯೋ ನನಗೆ ಗೊತ್ತಿಲ್ಲ. ಬಜ್ಜಿ ಪೊಟ್ಟಣ ಈಗ ಸಂಬಳದ ದಿನ ಮಾತ್ರ ಬರುತ್ತದೆ. ನಾಲಿಗೆ ತುದಿಯವರೆಗೆ ಬಂದದ್ದು ಎಷ್ಟೋ ಸಲ, ಆದರೆ ನಾನು ಇನ್ನೂ ಕೇಳಿಲ್ಲ.